ಉಪ್ಪುಗಾಳಿಗೆ ಇಳಿದ ಕಾರು

ಅವರ ಉಗುರಿನ ಸಂದಿಯಲ್ಲಿ ಯಾವಾಗಲೂ ಕಪ್ಪು ಗ್ರೀಸು. ಜೀವಮಾನವೆಲ್ಲ ಕೈ ತೊಳೆದು ತೊಳೆದು ರೋಗಿಗಳನ್ನು ಮುಟ್ಟಿದ ಡಾಕ್ಟರು, ರಿಟೈರಾದ ಮೇಲೆ ಆ ಉಗುರುಗಳನ್ನು ಚಾಚಿ, "ನೋಡಿ ಅಕ್ಕಾವ್ರೇ, ಈಗ ಮನುಷ್ಯ ಆದೆ" ಎಂದು ನಗುತ್ತಿದ್ದರು.

ಆಸ್ಟ್ರೇಲಿಯಾದ ಪರ್ತ್‌ನಲ್ಲಿ, ಸದರ್ನ್ ರಿವರ್ ಎಂಬ ಬಡಾವಣೆಯಲ್ಲಿ ನನ್ನ ಮಗಳ ಪಕ್ಕದ ಮನೆ ಅವರದು. ಮೈಸೂರಿನವರು, ಹೆಂಡತಿ ತೀರಿಕೊಂಡಿದ್ದರು. ಗ್ಯಾರೇಜಿನಲ್ಲಿ ಉದ್ದ ಮೂತಿಯ, ಕೆನೆ ಬಣ್ಣದ ಹಳೇ ಕಾರು. ಅದರ ಎಂಟು ಸಿಲಿಂಡರಿನ ಎಂಜಿನ್ ಗುಡುಗಿದರೆ ನಮ್ಮ ಅಡುಗೆಮನೆಯ ಲೋಟಗಳು ನಡುಗುತ್ತಿದ್ದವು. ಆದರೆ ಕಾರು ರಸ್ತೆಗೆ ಇಳಿಯುತ್ತಿರಲಿಲ್ಲ. ಓಡಿಸಿದಷ್ಟೂ ಬೆಲೆ ಇಳಿಯುತ್ತದೆ, ಹೊಸದರಲ್ಲಿದ್ದ ಬಣ್ಣವೇ ಇನ್ನೂ ಇದೆ, ಮುಂದೆ ಒಳ್ಳೇ ರೇಟಿಗೆ ಮಾರೋಣ ಎಂದು ಬ್ರಿಸ್ಬೇನಿನಲ್ಲಿದ್ದ ಅವರ ಮಗನ ಅಪ್ಪಣೆ. ಡಾಕ್ಟರು ದಿನಾ ಎಂಜಿನ್ ಶುರು ಮಾಡಿ, ಕಣ್ಣು ಮುಚ್ಚಿ ಕೇಳಿ, ಆರಿಸಿ, ಮತ್ತೆ ಹೊದಿಕೆ ಹೊದಿಸುತ್ತಿದ್ದರು.

ನಾನು ಬಾಣಂತನಕ್ಕೆ ಬಂದವಳು. ಓದಿದ್ದು ಮೂರನೇ ಕ್ಲಾಸು. ಮೊದಲ ಮೊಮ್ಮಗಳು ಹುಟ್ಟಿದ ಹಿಗ್ಗಿಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಆಯುಧಪೂಜೆಯ ದಿನ ಕುಕ್ಕರಿಗೂ ಕುಂಕುಮ, ಮಗುವಿನ ತಳ್ಳುಗಾಡಿಗೂ ಕುಂಕುಮ. "ನಮ್ಮದಕ್ಕೂ ಇಡಿ" ಎಂದರು ಡಾಕ್ಟರು. ಎಣ್ಣೆಯಲ್ಲಿ ಕಲಸಿ, ಬಾನೆಟ್ಟಿನ ಮೇಲೆ ಅಂಗೈಯಗಲ ಓಂ ಬರೆದೆ. ಮಾರನೇ ದಿನ ಒರೆಸಿದರೆ ಕೆಂಪು ಹೋಗಲೇ ಇಲ್ಲ. ಹಳೇ ಬಣ್ಣ ಅದನ್ನು ಕುಡಿದುಬಿಟ್ಟಿತ್ತು.

"ಅಮ್ಮಾ, ಏನ್ಮಾಡ್ಬಿಟ್ಟೆ! ಅದು ಒರಿಜಿನಲ್ ಪೇಂಟು!" ಮಗಳು ತಲೆ ಹಿಡಿದುಕೊಂಡಳು. ಫೋನಿನಲ್ಲಿ ಅವರ ಮಗ, "ಅಪ್ಪಾ, ಇನ್ನು ಅದನ್ನ ಯಾರು ತಗೋತಾರೆ!" ಎಂದು ಕೂಗಾಡಿದ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಡಾಕ್ಟರು ಗಹಗಹಿಸಿ ನಕ್ಕರು. "ಬಿಡಪ್ಪಾ. ಇಷ್ಟು ದಿನ ನಿನ್ನ ಕಾರು ಕಾಯ್ತಿದ್ದೆ. ಇವತ್ತಿಂದ ಇದು ನಂದು." ಫೋನಿಟ್ಟು ನನ್ನ ಕಡೆ ತಿರುಗಿ, "ಅಕ್ಕಾವ್ರೇ, ಅತ್ತಿದ್ದು ಸಾಕು. ಚಪ್ಪಲಿ ಹಾಕ್ಕೊಳ್ಳಿ, ಸಮುದ್ರ ನೋಡ್ಕೊಂಡ್ ಬರೋಣ" ಎಂದರು.

ಗಾಳಿಗೆ ನನ್ನ ತುರುಬು ಬಿಚ್ಚಿಹೋಯಿತು. ನನ್ನ ಮದುವೆಯಲ್ಲೂ ನಾನು ಅಷ್ಟು ನಕ್ಕವಳಲ್ಲ. ಕಡಲು ಕಂಡಾಗ ಅವರು ಕಾರು ನಿಲ್ಲಿಸಿದರು. ಸ್ಟಿಯರಿಂಗ್ ಮಾತ್ರ ಬಿಡಲಿಲ್ಲ.

"ನಮ್ಮನೆಯವಳು ಎಷ್ಟ್ ಸಲ ಕೇಳಿದ್ಲು. ಧೂಳು, ಉಪ್ಪುಗಾಳಿ ಅಂತ ನೆಪ ಹೇಳ್ದೆ. ಒಂದ್ಸಲಾನೂ ಕರ್ಕೊಂಡ್ ಬರ್ಲಿಲ್ಲ."

ನನ್ನ ವೀಸಾ ಮುಗಿಯುವವರೆಗೂ ಪ್ರತಿ ಭಾನುವಾರ ಆ ಕಾರು ಕಡಲಿಗೆ ಹೋಯಿತು. ನಾನು ಊರಿಗೆ ಮರಳಿದ ವರ್ಷವೇ ಡಾಕ್ಟರು ಹೋಗಿಬಿಟ್ಟರೆಂದು ಮಗಳು ಫೋನು ಮಾಡಿದಳು.

ಈಗ ಮತ್ತೆ ಬಂದಿದ್ದೇನೆ. ಮೊಮ್ಮಗಳಿಗೆ ನಾಲ್ಕು ವರ್ಷ. ಅವಳಿಗೆಂದು ತಂದ ರೇಷ್ಮೆ ಲಂಗವನ್ನು ಹಬ್ಬ ಬರಲಿ ಎಂದು ಎತ್ತಿಡಲಿಲ್ಲ. ಅದನ್ನು ಉಟ್ಟುಕೊಂಡೇ ಕಡಲ ದಂಡೆಯ ಮರಳಿನಲ್ಲಿ ಹೊರಳಾಡುತ್ತಾಳೆ, ನನ್ನ ಬಂಗಾರ. ಇದನ್ನು ನೋಡಲು ಡಾಕ್ಟರು ಇರಬೇಕಿತ್ತು. "ಅಮ್ಮಾ, ರೇಷ್ಮೆ ಹಾಳಾಗುತ್ತೆ!" ಎಂದು ಮಗಳು ಕಿರುಚುತ್ತಾಳೆ.

"ಆಗ್ಲಿ ಬಿಡೇ" ಎನ್ನುತ್ತೇನೆ.