ಒಬ್ಬರನ್ನು ಬಿಟ್ಟು ಎಲ್ಲರಿಗೂ ಕಲಿಸಿದವಳು

ಕ್ಲಿಕ್ಕಕ್ಕ ಬುಧವಾರ ಬೆಳಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡಳು. ಹೊಟ್ಟೆಯಲ್ಲಿ ಹುಟ್ಟಿದ ಗಡ್ಡೆ ಯಕೃತ್ತಿಗೆ ಹಬ್ಬಿತ್ತು. ವೈದ್ಯರು ಹೇಳಿದ್ದಕ್ಕಿಂತ ಬೇಗ ಹೋದಳು.

ಶುಕ್ರವಾರ ನಮ್ಮ ಶಾಲೆಯ ಸಭಾಂಗಣದಲ್ಲಿ ಸಂತಾಪ ಸಭೆ ನಡೆಯಿತು. ಅದರ ಹಿಂದಿನ ದಿನವಷ್ಟೇ ಆಡಳಿತ ಮಂಡಳಿ ಮುಖ್ಯೋಪಾಧ್ಯಾಯರ ಕುರ್ಚಿಯನ್ನು ರಸಾಯನಶಾಸ್ತ್ರದ ಮೇಡಂಗೆ ಕೊಟ್ಟಿತ್ತು. ಆ ಕುರ್ಚಿ ತನ್ನದೇ ಎಂದು ವರ್ಷಗಟ್ಟಲೆ ನಂಬಿಕೊಂಡಿದ್ದ ಉಪಮುಖ್ಯೋಪಾಧ್ಯಾಯರು ಮೈಕಿನ ಮುಂದೆ ಬಂದರು. ಕೊರಳಲ್ಲಿ ಸದಾ ಸೀಟಿ ತೂಗುಹಾಕಿಕೊಂಡು ಓಡಾಡುವುದರಿಂದ ಅವರಿಗೆ ಸೀಟಿ ಮೇಷ್ಟ್ರು ಎಂದೇ ಹೆಸರು. ಯಾರೋ ಟೈಪು ಮಾಡಿಕೊಟ್ಟ ಹಾಳೆ ಹಿಡಿದು, "ಆಕೆ ಎಲ್ಲರಿಗೂ ಸಹಾಯ ಮಾಡುವ ಸ್ವಭಾವದವರಾಗಿದ್ದರು, ವಿಶೇಷವಾಗಿ ನನಗೆ" ಎಂದು ಓದಿದರು. ಕನ್ನಡಕ ತೆಗೆದು ನಿಜವಾಗಿಯೂ ಕಣ್ಣೊರೆಸಿಕೊಂಡರು. ಅಳುತ್ತಿದ್ದ ನಾನು ಉಕ್ಕಿದ ನಗು ತಡೆಯಲು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡೆ.

ಹೌದು, ವಿಶೇಷವಾಗಿ ಅವರಿಗೆ. ಆ ಸಹಾಯ ಎಂಥದ್ದೆಂದು ಬರೆದಿಡದಿದ್ದರೆ, ಪಾಪದ ಹೆಂಗಸು, ಒಳ್ಳೆಯವಳು ಎಂದು ಎರಡು ಮಾತಾಡಿ ಜನ ಅವಳನ್ನು ಮರೆತುಬಿಡುತ್ತಾರೆ. ಅವಳು ಒಳ್ಳೆಯವಳು ನಿಜ. ಆದರೆ ಅವಳು ಸೇಡಿಟ್ಟುಕೊಂಡಿದ್ದವಳು. ಅದನ್ನು ಬಿಟ್ಟು ಹೇಳಿದರೆ ಅವಳನ್ನು ಅರ್ಧ ಮಾತ್ರ ಹೇಳಿದಂತೆ.

ಅವಳ ಅಪ್ಪ ಇದೇ ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದರು. ಪಡಸಾಲೆಯ ಕೊನೆಯಲ್ಲಿ ಕಬ್ಬಿಣದ ತುಂಡೊಂದು ತೂಗುತ್ತಿತ್ತು, ಅದರ ಕೆಳಗೆ ಅವರ ಸ್ಟೂಲು. ಪರೀಕ್ಷೆಯ ದಿನ ಮಾತ್ರ ಗಡಿಯಾರ ನೋಡಿ ಹೊಡೆಯುವಂತಿರಲಿಲ್ಲ. ಕೋಣೆಯ ಉಸ್ತುವಾರಿ ವಹಿಸಿದ ಮೇಷ್ಟ್ರು ಬಾಗಿಲಿಗೆ ಬಂದು ಕೈ ಬೀಸಬೇಕು, ಆಗ ಹೊಡೆಯಬೇಕು. ಅದು ಶಾಲೆಯ ಪದ್ಧತಿ. ಅವಳು ಏಳನೆಯ ತರಗತಿಯಲ್ಲಿದ್ದ ವರ್ಷ, ಗಣಿತದ ಪರೀಕ್ಷೆಯ ದಿನ, ಆಗಿನ್ನೂ ಹೊಸಬರಾಗಿದ್ದ ಸೀಟಿ ಮೇಷ್ಟ್ರು ಮುಂದೋಡುತ್ತಿದ್ದ ತಮ್ಮ ಕೈಗಡಿಯಾರ ನೋಡಿಕೊಂಡು ಹೊತ್ತಿಗೆ ಮುಂಚೆಯೇ ಕೈ ಬೀಸಿದರು. ಗಂಟೆಯಾಯಿತು. ಮಕ್ಕಳ ಕೈಯಿಂದ ಉತ್ತರ ಪತ್ರಿಕೆ ಕಿತ್ತುಕೊಂಡದ್ದೂ ಆಯಿತು. ಮಾರನೆಯ ದಿನ ಅಪ್ಪ ಅಮ್ಮಂದಿರು ಬಂದು ಶಾಲೆಯ ಮುಂದೆ ಕೂತರು.

ವಿಚಾರಣೆಯಲ್ಲಿ ಸೀಟಿ ಮೇಷ್ಟ್ರು ಹೇಳಿದ್ದು ಇಷ್ಟು: "ನಾನು ಕೈ ಬೀಸಿದ್ದು ಸೊಳ್ಳೆ ಓಡ್ಸೋಕೆ. ಅವನು ಕುಡಿದು ಬಂದಿದ್ದ, ಏನ್ ಕಂಡ್ತೋ ಏನೋ."

ಅವಳ ಅಪ್ಪ ಜೀವಮಾನದಲ್ಲಿ ಕುಡಿದವರಲ್ಲ. ಕೆಲಸ ಹೋಯಿತು. ಆಮೇಲೆ ಗೋದಾಮಿನಲ್ಲಿ ಮೂಟೆ ಹೊತ್ತರು, ಬೆನ್ನು ಹೋಯಿತು, ಬೆನ್ನ ಹಿಂದೆಯೇ ಜೀವವೂ ಹೋಯಿತು. ಆದರೆ ಕುಡುಕ ಎಂಬ ಹೆಸರು ಮಾತ್ರ ಉಳಿಯಿತು. ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತು ಅದೇ ಪರೀಕ್ಷೆ ಬರೆಯುತ್ತಿದ್ದ ಅವರ ಮಗಳು, ಮೇಷ್ಟ್ರು ಗಡಿಯಾರ ನೋಡಿದ್ದನ್ನೂ ಕೈ ಎತ್ತಿದ್ದನ್ನೂ ಕಂಡಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಮುಂದೆ ಅವಳು ಕಂಪ್ಯೂಟರ್ ಕಲಿತಳು, ಒಂದು ದೊಡ್ಡ ಕಚೇರಿಯಲ್ಲಿ ಕೆಲಸದಲ್ಲಿದ್ದಳು. ಅದನ್ನು ಬಿಟ್ಟು ಇಲ್ಲಿಗೆ ಬಂದು ಕಚೇರಿ ಸಹಾಯಕಿಯಾಗಿ ಸೇರಿಕೊಂಡಾಗ, ಇಲ್ಲಿ ಪಾಠ ಹೇಳುತ್ತಿದ್ದ ಅವಳ ಹಳೆಯ ಗೆಳತಿ ನಾನು ಬೈದೆ.

"ತಲೆ ಕೆಟ್ಟಿದ್ಯೇನೇ? ಅಲ್ಲಿ ತಣ್ಣಗೆ ಏಸೀಲಿ ಕೂತಿದ್ದೆ. ಇಲ್ಲಿ ಆ ಮನುಷ್ಯನ ಮುಖ ದಿನಾ ನೋಡ್ಬೇಕು. ಇನ್ನೆರಡು ವರ್ಷಕ್ಕೆ ಅವರೇ ಮುಖ್ಯೋಪಾಧ್ಯಾಯರು, ಗೊತ್ತಾ?"

"ಗೊತ್ತು. ಅದಕ್ಕೇ ಬಂದಿದ್ದು. ಅವರು ಆ ಕುರ್ಚಿ ಮೇಲೆ ಕೂರಬಾರದು."

"ನೀನೇನ್ ಮಾಡ್ತೀಯಾ, ಕುರ್ಚಿ ಕಾಲು ಮುರೀತೀಯಾ?"

"ನೋಡೋಣ" ಎಂದಳು. ಏನು ಮಾಡುತ್ತೇನೆಂದು ಆಗ ಅವಳಿಗೂ ತಿಳಿದಿರಲಿಲ್ಲ. ದಾರಿ ತಾನಾಗಿ ಸಿಕ್ಕಿತು. ಸೀಟಿ ಮೇಷ್ಟ್ರು ಅವಳನ್ನು ಗುರುತಿಸಲೇ ಇಲ್ಲ. ಯಾರ ಮಗಳೆಂದು ಕೇಳುವಷ್ಟು ವ್ಯವಧಾನ ಅವರಿಗೆ ಎಂದೂ ಇರಲಿಲ್ಲ.

ಮರುವರ್ಷ ಆಡಳಿತ ಮಂಡಳಿ ಸೂಚನೆಯ ಪುಸ್ತಕವನ್ನು ನಿಲ್ಲಿಸಿತು. ಅಲ್ಲಿಯವರೆಗೆ ಒಂದು ಕೆಂಪು ರಟ್ಟಿನ ಪುಸ್ತಕ ತರಗತಿಯಿಂದ ತರಗತಿಗೆ ಹೋಗುತ್ತಿತ್ತು, ನಾವು ಓದಿ ಸಹಿ ಹಾಕುತ್ತಿದ್ದೆವು. ಇನ್ನು ಮುಂದೆ ಎಲ್ಲವೂ ಈಮೇಲ್. ವೇಳಾಪಟ್ಟಿ, ರಜೆ, ಅಂಕಗಳು, ಸಭೆಗಳು ಎಲ್ಲ ಹೊಸ ಸಾಫ್ಟ್‌ವೇರಿನಲ್ಲಿ. ಕಲಿಸುವ ಕೆಲಸ ಅವಳಿಗೆ ಬಿತ್ತು. ಪ್ರಯೋಗಾಲಯದ ಪಕ್ಕದ ಉಗ್ರಾಣವನ್ನು ತೆರವು ಮಾಡಿ ನಾಲ್ಕು ಕಂಪ್ಯೂಟರ್ ಇಟ್ಟರು. ಅಲ್ಲಿಂದ ದಿನವಿಡೀ "ಕ್ಲಿಕ್ ಮಾಡಿ, ಇನ್ನೊಂದ್ಸಲ ಕ್ಲಿಕ್ ಮಾಡಿ" ಎಂಬ ಅವಳ ದನಿ ಕೇಳುತ್ತಿತ್ತು. ವಾರದೊಳಗೆ ಅವಳು ಎಲ್ಲರ ಬಾಯಲ್ಲಿ ಕ್ಲಿಕ್ಕಕ್ಕ ಆದಳು.

ನಾವು ಕಲಿತ ಚಂದ ಹೇಳಬಾರದು. ಗ್ರಂಥಪಾಲಕಿ ಇಡೀ ಪತ್ರವನ್ನು ವಿಷಯ ಬರೆಯುವ ಗೆರೆಯಲ್ಲೇ ತುರುಕುತ್ತಿದ್ದಳು, "ಅಲ್ಲೇ ಜಾಗ ಇತ್ತಲ್ಲ" ಎಂದು. ಹಾಸ್ಟೆಲಿನ ವಾರ್ಡನ್ ಈಮೇಲ್ ಕಳಿಸಿದ ಕೂಡಲೇ ಎರಡು ಮಹಡಿ ಹತ್ತಿ ಬಂದು, "ಕಳ್ಸಿದೀನಿ, ಬಂತಾ?" ಎಂದು ಎದುರು ನಿಲ್ಲುತ್ತಿದ್ದರು. ಚಿತ್ರಕಲೆಯ ಮೇಷ್ಟ್ರು ಬಂದ ಪ್ರತಿ ಈಮೇಲನ್ನೂ ಪ್ರಿಂಟು ತೆಗೆದು, ಅದರ ಕೆಳಗೆ ಪೆನ್ನಿನಲ್ಲಿ ಉತ್ತರ ಬರೆದು ತಂದು, "ಇದನ್ನ ವಾಪಸ್ ಒಳಗೆ ಹಾಕಮ್ಮ" ಎನ್ನುತ್ತಿದ್ದರು.

ಅವಳು ನಗುತ್ತಿದ್ದಳು, ರೇಗುತ್ತಿರಲಿಲ್ಲ. ಒಂದೇ ಒಂದು ಕಟ್ಟುನಿಟ್ಟು: ಕಲಿಯುವವರ ಮೌಸನ್ನು ಅವಳು ಮುಟ್ಟುತ್ತಿರಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಿದ್ದಳು.

"ತಾಯೀ, ನೀನೇ ಒತ್ತಿಬಿಡು. ನಂಗೆ ಕೈ ನಡುಗುತ್ತೆ" ಎಂದು ಚಿತ್ರಕಲೆಯ ಮೇಷ್ಟ್ರು ಗೋಗರೆದರು.

"ಕುಂಚ ಹಿಡಿದಾಗ ನಡುಗಲ್ವಾ ಸಾರ್?"

"ಅದು ನನ್ನ ಮಾತು ಕೇಳುತ್ತೆ."

"ಇದೂ ಕೇಳುತ್ತೆ. ನೀವು ಗುದ್ದಬೇಡಿ, ಮೆತ್ತಗೆ ಒತ್ತಿ. ನಾನು ಒತ್ತಿದ್ರೆ ನಾನು ಕಲೀತೀನಿ ಅಷ್ಟೇ. ನಂಗೆ ಆಗ್ಲೇ ಬರುತ್ತಲ್ಲ."

ಮಳೆಗಾಲ ಮುಗಿಯುವಷ್ಟರಲ್ಲಿ ನಾವೆಲ್ಲ ಕಲಿತಿದ್ದೆವು. ತೋಟದ ಮಾಲಿ ಕೂಡ ಗೊಬ್ಬರದ ಬೇಡಿಕೆಯನ್ನು ತನ್ನ ಫೋನಿನಿಂದಲೇ ಕಳಿಸುತ್ತಿದ್ದ.

ಸೀಟಿ ಮೇಷ್ಟ್ರ ಕೋಣೆಗೆ ಮಾತ್ರ ಅವಳೇ ಹೋಗುತ್ತಿದ್ದಳು. ಒಮ್ಮೆ ನಾನೂ ಅಲ್ಲಿದ್ದೆ. ಅವರು ಕನ್ನಡಕ ಏರಿಸಿ, ತೋಳು ಮಡಚಿ, ಕಲಿಯಲು ತಯಾರಾಗಿ ಕೂತಿದ್ದರು. ನಿಜ ಹೇಳಬೇಕೆಂದರೆ ಅವರಿಗೆ ಮನಸ್ಸಿತ್ತು. ಇವಳು ಮೌಸನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು.

"ನಿಮಗ್ಯಾಕೆ ಸಾರ್ ಈ ಗುಮಾಸ್ತರ ಕೆಲಸ? ನೀವು ಏನ್ ಹೋಗ್ಬೇಕು ಅಂತ ಬಾಯಲ್ಲಿ ಹೇಳಿ. ನಾನಿದೀನಲ್ಲ."

ಅವರ ಮುಖ ಅರಳಿತು. ಆಮೇಲೆ ಶಿಕ್ಷಕರ ಕೋಣೆಗೆ ಬಂದು ಜಂಬ ಕೊಚ್ಚಿಕೊಂಡರು: "ನಿಮಗೆಲ್ಲ ಅವಳು ಪಾಠ ಹೇಳ್ತಾಳೆ. ನನಗೆ ಕೆಲಸ ಮಾಡ್ಕೊಡ್ತಾಳೆ. ಸ್ಥಾನಮಾನ ಅಂದ್ರೆ ಇದು."

ಆ ಸಂಜೆ ಬಸ್ ನಿಲ್ದಾಣದಲ್ಲಿ ನಾನು ಕೇಳಿದೆ. "ಏನೇ ಇದು? ನಮ್ಮ ಮೌಸ್ ಮುಟ್ಟಲ್ಲ ಅಂತೀಯಾ, ಅವರ ಸೇವೆ ಮಾಡ್ತೀಯಾ?"

ಅವಳು ಬಸ್ಸು ಬರುವ ದಿಕ್ಕನ್ನೇ ನೋಡುತ್ತಾ ಹೇಳಿದಳು. "ಒಬ್ಬ ಮನುಷ್ಯ ಕೈಲಾಗದವನು ಆಗ್ಬೇಕು ಅಂದ್ರೆ ಹೊಡೀಬಾರದು ಕಣೇ. ಎತ್ಕೊಂಡು ತಿರುಗಬೇಕು. ನೆಲಕ್ಕೆ ಕಾಲು ತಾಗಿಸ್ಲೇಬಾರದು."

ನನಗೆ ಹೆದರಿಕೆಯಾಯಿತು. ಜೊತೆಗೆ ಖುಷಿಯೂ ಆಯಿತು. ಆ ಖುಷಿಗೆ ನಾನು ಇವತ್ತಿಗೂ ನಾಚುವುದಿಲ್ಲ.

ಅವಳು ಅವರ ಕೆಲಸದಲ್ಲಿ ಒಂದು ತಪ್ಪನ್ನೂ ಮಾಡಲಿಲ್ಲ. ಅವರ ಹೆಸರಿನಲ್ಲಿ ಹೋದ ಪ್ರತಿ ಉತ್ತರವೂ ಹೊತ್ತಿಗೆ ಸರಿಯಾಗಿ, ವಿನಯವಾಗಿ, ಚೊಕ್ಕವಾಗಿ ಹೋಗುತ್ತಿತ್ತು. ಮಕ್ಕಳ ಅಪ್ಪ ಅಮ್ಮಂದಿರು ಅವರನ್ನು ಹೊಗಳತೊಡಗಿದರು. "ನಾಳೆ ಯಾರಾದ್ರೂ ಕೆದಕಿ ನೋಡಿದ್ರೂ ನನ್ನ ಒಳ್ಳೇತನ ಬಿಟ್ಟು ಬೇರೇನೂ ಸಿಗಲ್ಲ" ಎನ್ನುತ್ತಿದ್ದಳು. ಅವರು ಕ್ರಮೇಣ ಕಂಪ್ಯೂಟರ್ ಆನ್ ಮಾಡುವುದಕ್ಕೂ ಅವಳನ್ನು ಕೂಗತೊಡಗಿದರು. ಅವಳು ರಜೆ ಹಾಕಿದ ದಿನ ಅವರು ತಲೆನೋವೆಂದು ಮನೆಗೆ ಹೋಗುತ್ತಿದ್ದರು.

ಹಳೆಯ ಮುಖ್ಯೋಪಾಧ್ಯಾಯರು ನಿವೃತ್ತರಾಗುವ ಹೊತ್ತು ಬಂತು. ಆಡಳಿತ ಮಂಡಳಿಯ ಅಧ್ಯಕ್ಷೆ ನಮ್ಮೆಲ್ಲರೆದುರೇ ಸಭೆ ಕರೆದು, ಮುಂದಿನ ವರ್ಷದ ವೇಳಾಪಟ್ಟಿಯನ್ನು ಪರದೆಯ ಮೇಲೆ ತೋರಿಸಲು ಸೀಟಿ ಮೇಷ್ಟ್ರಿಗೆ ಹೇಳಿದರು. ಅವರು ಹಿಂದಿನ ಸಾಲಿಗೆ ಬೆರಳು ಮಾಡಿ, "ಏಯ್, ಬಾಮ್ಮ ಇಲ್ಲಿ" ಎಂದರು.

"ಅವರು ಬೇಡ. ನೀವೇ ತೋರ್ಸಿ" ಎಂದರು ಅಧ್ಯಕ್ಷೆ.

ಸೀಟಿ ಮೇಷ್ಟ್ರು ಒಂದು ಕಡೆ ಒತ್ತಿದರು, ಈಮೇಲ್ ತೆರೆಯಿತು. ಇನ್ನೊಂದು ಕಡೆ ಒತ್ತಿದರು, ಪರದೆ ಬೋಳಾಯಿತು. ಮತ್ತೆ ಒತ್ತಿದರು, ಪ್ರಿಂಟರ್ ಎಲ್ಲಿದೆ ಎಂದು ಯಂತ್ರ ಅವರನ್ನೇ ಕೇಳಿತು. ಮೌಸನ್ನು ಎತ್ತಿ ತಿರುಗಿಸಿ ಅದರ ಹೊಟ್ಟೆ ನೋಡಿದರು. ಬೆವರು ಗಲ್ಲದಿಂದ ಸೀಟಿಯ ಮೇಲೆ ತೊಟ್ಟಿಕ್ಕಿತು. ಕೊನೆಗೆ ಹಿಂದಕ್ಕೆ ತಿರುಗಿ, "ಎಲ್ಲಿಟ್ಟಿದೀಯ ಅದನ್ನ?" ಎಂದು ಅವಳನ್ನು ಕೇಳಿದರು.

"ಶಾಲೆ ನಡೆಸೋದು ನೀವಾ, ಅವರಾ?" ಎಂದರು ಅಧ್ಯಕ್ಷೆ.

ಅವಳು ಕಣ್ಣು ತಗ್ಗಿಸಿ ಕೂತಿದ್ದಳು, ಆದರೆ ಅವಳ ಪಾದ ಬೆಂಚಿನ ಕೆಳಗೆ ತಾಳ ಹಾಕುತ್ತಿದ್ದುದನ್ನು ನಾನು ಕಂಡೆ.

ಆದರೂ ಅಧ್ಯಕ್ಷೆ ಹಿರಿಯರೆಂಬ ಮರ್ಯಾದೆಗೆ ಒಂದು ಅವಕಾಶ ಕೊಟ್ಟರು. ರಜೆ ಮುಗಿದ ಮೇಲೆ ಇದೇ ಸಭೆ ಮತ್ತೆ ಸೇರುತ್ತದೆ, ಅಷ್ಟರಲ್ಲಿ ಕಲಿತು ಬಂದು ಸ್ವಂತ ಕೈಯಿಂದ ಮಾಡಿ ತೋರಿಸಿದರೆ ಕುರ್ಚಿ ಅವರದೇ. ಆ ರಜೆಯಲ್ಲೇ ಅವಳ ಹೊಟ್ಟೆನೋವಿಗೆ ಹೆಸರು ಸಿಕ್ಕಿತು.

ಸೀಟಿ ಮೇಷ್ಟ್ರು ಚಿತ್ರಕಲೆಯ ಮೇಷ್ಟ್ರ ಹತ್ತಿರ ಕಲಿಯಲು ಹೋದರಂತೆ. ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ನಾನು ಮುಟ್ಟಲ್ಲ ಸಾರ್, ನೀವೇ ಒತ್ತಿ" ಎಂದರಂತೆ. ಕಿರಿಯನೊಬ್ಬ ತನಗೆ ಹೀಗೆ ಹೇಳುವುದೇ ಎಂದು ಇವರು ಸಿಡಿಮಿಡಿಗೊಂಡು ಎದ್ದು ಬಂದರು. ಬೇರೆ ಯಾರ ಮುಂದೆ ಕೂತು ಕಲಿಯುವುದಕ್ಕೂ ಅವರ ಮಾನ ಬಿಡಲಿಲ್ಲ. ಸೋಲನ್ನು ಮರೆಮಾಚದೆ ತೋರಿಸಬಹುದಾದವಳು ಅವರಿಗೆ ಒಬ್ಬಳೇ ಇದ್ದಳು. ಆ ಎರಡನೆಯ ಸಭೆ ಗುರುವಾರಕ್ಕೆ ನಿಗದಿಯಾಗಿತ್ತು. ಮಂಗಳವಾರ ಸಂಜೆ ಲ್ಯಾಪ್‌ಟಾಪ್ ಚೀಲವನ್ನೂ ಕಿತ್ತಳೆಯ ಪೊಟ್ಟಣವನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಬಂದರು.

ಅವಳು ದಿಂಬಿಗೆ ಒರಗಿದ್ದಳು. ಕಣ್ಣು ಹಳದಿಯಾಗಿತ್ತು. ಅವಳ ಅಮ್ಮ ಕಾಲ ಬಳಿ ಕೂತಿದ್ದರು, ನಾನು ಕಿಟಕಿಯ ಹತ್ತಿರ.

"ಹೇಗಿದೀಯಮ್ಮ?" ಎಂದು ಕೇಳಿದರು. ಉತ್ತರಕ್ಕೆ ಕಾಯಲಿಲ್ಲ. "ನಾಡಿದ್ದು ಸಭೆ. ವೇಳಾಪಟ್ಟಿನ ಇವತ್ತೇ ಮಂಡಳಿಗೆ ಕಳಿಸಬೇಕು. ಆಮೇಲೆ ಅಲ್ಲಿ ಕೂತು ಎಲ್ಲರ ಎದುರಿಗೆ ಮಾಡಿ ತೋರ್ಸಬೇಕು. ಒಂದ್ಸಲ ಹೇಳ್ಕೊಡು. ನಿನ್ನ ಕಾಲಿಗೆ ಬೀಳ್ತೀನಿ ಅಂದ್ಕೋ."

ಅಮ್ಮ ಅವರನ್ನೇ ದಿಟ್ಟಿಸುತ್ತಿದ್ದರು. "ನೀನೇ ಅಲ್ವೇನಪ್ಪ ಅವತ್ತು ಗಂಟೆಗೆ ಕೈ ಬೀಸಿದ್ದು?"

"ಯಾವ ಗಂಟೆ?" ಎಂದರು ಸೀಟಿ ಮೇಷ್ಟ್ರು. ಅವರು ನಟಿಸುತ್ತಿರಲಿಲ್ಲ. ನಿಜವಾಗಿಯೂ ನೆನಪಿರಲಿಲ್ಲ. ನನಗೆ ಅದೇ ಸಹಿಸಲಾಗಲಿಲ್ಲ, ಬಾಯಿ ತೆರೆದೆ. ಅವಳು ನನ್ನತ್ತ ನೋಡಿ ಬೇಡವೆಂದು ತಲೆಯಾಡಿಸಿದಳು.

ಅಮ್ಮ ಅವಳ ಪಾದ ನೀವಿದರು. "ಹೇಳ್ಕೊಡು ಮಗಳೇ. ಹೋಗ್ಲಿ ಬಿಡು. ಎಷ್ಟೂಂತ ಹೊತ್ಕೊಂಡಿರ್ತೀಯ."

ಅವಳು ಅಮ್ಮನ ಮುಖ ನೋಡಿದಳು. ಹೇಳಿಕೊಡುತ್ತಾಳೆಂದೇ ನಾನೂ ಎಣಿಸಿದೆ. ಆಮೇಲೆ ಕೈ ಚಾಚಿದಳು. ಸೀಟಿ ಮೇಷ್ಟ್ರು ಲ್ಯಾಪ್‌ಟಾಪನ್ನು ತೆರೆದು ಅವಳ ಮಡಿಲಲ್ಲಿಟ್ಟು, ಕನ್ನಡಕ ಏರಿಸಿ, ಬಗ್ಗಿ ನಿಂತರು. ಅವಳು ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ನಡುನಡುವೆ ನಿಲ್ಲಿಸಿ ಉಸಿರೆಳೆದುಕೊಳ್ಳುತ್ತಿದ್ದಳು. ವೇಳಾಪಟ್ಟಿಯನ್ನು ಒಂದೊಂದೇ ತರಗತಿಯಾಗಿ ಸರಿಪಡಿಸಿದಳು, ಮಂಡಳಿಗೆ ಒಂದು ವಿನಯದ ಪತ್ರ ಬರೆದಳು, ಕಳಿಸಿದಳು.

"ಹೇಗ್ ಮಾಡ್ದೆ ಅಂತ ತೋರ್ಸಮ್ಮ. ಈ ಕಡೆ ತಿರುಗ್ಸು."

"ಆಗೋಯ್ತಲ್ಲ ಸಾರ್. ನಿಮಗ್ಯಾಕೆ ತೊಂದ್ರೆ?" ಎಂದಳು. ಮುಚ್ಚಳ ಮುಚ್ಚಿದಳು. ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು, ಅವರ ಕೈಗೆ ಕೊಟ್ಟಳು, ಗೋಡೆಯ ಕಡೆಗೆ ಮಗ್ಗುಲಾದಳು.