ಗೇರ್ ಇಲ್ಲದ ಲೈಸೆನ್ಸು

ಪುಟ್ಟಿ, ಚಿನ್ನು, ನಿಮ್ಮ ತಾತನ ಕಾರಿನಲ್ಲಿ ಕೂರಲು ನೀವಿಬ್ಬರೂ ಜಗಳವಾಡುತ್ತೀರಿ. ನನ್ನ ಕಾರಿಗೆ ಬನ್ನಿ ಎಂದರೆ ಮುಖ ತಿರುಗಿಸುತ್ತೀರಿ. ಅದಕ್ಕೇ ಎರಡೂ ಕಾರುಗಳ ಬಗ್ಗೆ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ.

ತಾತನ ಕೆಂಪು ಕಾರು ನಿಮ್ಮಪ್ಪನಿಗಿಂತ ಹಳೆಯದು. ಉದ್ದ ಮೂತಿ, ಎರಡೇ ಸೀಟು, ಕೈಯಲ್ಲಿ ಗೇರ್ ಹಾಕಿ ಓಡಿಸುವಂಥದ್ದು. ಯೋಕೋಹಾಮಾದ ಮನೆಯಲ್ಲಿದ್ದವರು ಮೂರು ಜನ. ಭಾನುವಾರ ಅಪ್ಪ ಮಗ ಅದರಲ್ಲಿ ಸಮುದ್ರದ ಕಡೆ ಹೋಗುತ್ತಿದ್ದರು. ನಾನು ಬಸ್ಸಿನಲ್ಲಿ ತರಕಾರಿಗೆ. ಅಪರೂಪಕ್ಕೆ ತಾತ ನನ್ನನ್ನು ಕೂರಿಸಿಕೊಂಡರೆ ಮೊದಲು ಬಳೆ ತೆಗೆಸುತ್ತಿದ್ದರು, ಬಣ್ಣಕ್ಕೆ ಗೀರು ಬೀಳುತ್ತದೆಂದು. ಬಾಗಿಲು ಹಾಕಿದರೆ, "ಮೆತ್ತಗೆ ಹಾಕೇ, ನಿಮ್ಮೂರಿನ ಕೊಟ್ಟಿಗೆ ಬಾಗಿಲಲ್ಲ ಇದು" ಎನ್ನುತ್ತಿದ್ದರು. ಚಳಿಗೆ ಅದು ಸ್ಟಾರ್ಟ್ ಆಗದಿದ್ದರೆ ಮೈ ಸವರಿ ಮಾತಾಡಿಸುತ್ತಿದ್ದರು. ನನಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ ನೆನಪಿಲ್ಲ.

ನನ್ನದು ಆಮೇಲೆ ಬಂದ ಡಬ್ಬದಂಥ ಕಾರು. ಗುಂಡಿ ಒತ್ತಿದರೆ ಹೊರಡುತ್ತದೆ. ಒಮ್ಮೆ ಪೆಟ್ರೋಲ್ ಹಾಕಿಸಿದರೆ ತಿಂಗಳು ಓಡುತ್ತದೆ. ಅಕ್ಕಿ ಮೂಟೆ ಹಿಡಿಸುತ್ತದೆ, ಬಾಗಿಲು ಹೇಗೆ ಹಾಕಿದರೂ ಸುಮ್ಮನಿರುತ್ತದೆ. ಇಲ್ಲಿ ಚಿಕ್ಕ ಎಂಜಿನ್ನಿನ ಕಾರಿಗೆ ಹಳದಿ ನಂಬರ್ ಪ್ಲೇಟು. "ಅರಿಸಿನ ಬಳಿದ ಟಿಫಿನ್ ಕ್ಯಾರಿಯರ್" ಎಂದು ತಾತ ನಗುತ್ತಿದ್ದರು.

ಜಪಾನಿನಲ್ಲಿ ಗೇರ್ ಇಲ್ಲದ ಕಾರಿಗೆ ಮಾತ್ರ ಎಂಬ ಲೈಸೆನ್ಸು ಬೇರೆ ಇದೆ. ಡ್ರೈವಿಂಗ್ ಶಾಲೆಯಲ್ಲಿ ನನಗೆ ಅದನ್ನೇ ಬರೆಸಿದವರು ತಾತ. ಎರಡೂ ಕಲಿಯುತ್ತೇನೆ ಎಂದು ಮೆಲ್ಲಗೆ ಹೇಳಿದೆ. ಅವರು ನಿಮ್ಮಪ್ಪನ ಕಡೆ ತಿರುಗಿ, "ನಿಮ್ಮಮ್ಮ ಕ್ಲಚ್ ಅಂದ್ರೆ ಜಡೆಗೆ ಹಾಕೋದು ಅನ್ಕೊಂಡಿದಾಳೆ ಕಣೋ" ಎಂದರು. ಇಬ್ಬರೂ ನಕ್ಕರು. ಕೌಂಟರಿನ ಜಪಾನಿ ಹೆಂಗಸು ಅರ್ಥವಾಗದೆಯೇ ಜೊತೆಗೆ ನಕ್ಕಳು.

ಕೊನೆಗಾಲದಲ್ಲಿ ತಾತ ಹಾಸಿಗೆ ಹಿಡಿದರು. ಆಸ್ಪತ್ರೆಗೆ ಓಡಾಟವೆಲ್ಲ ಹಳದಿ ಪ್ಲೇಟಿನಲ್ಲೇ. ಒಂದು ಮಧ್ಯಾಹ್ನ ಕಿಟಕಿಯಿಂದ ಕೆಂಪು ಕಾರನ್ನು ನೋಡುತ್ತಾ, "ಲೇ, ಒಂದ್ಸಲ ಸಮುದ್ರದ ತನಕ ಅದ್ರಲ್ಲಿ ಕರ್ಕೊಂಡು ಹೋಗೇ" ಎಂದರು.

"ನನ್ನ ಲೈಸೆನ್ಸಲ್ಲಿ ಗೇರ್ ಇಲ್ವಲ್ರೀ. ನೀವೇ ಬರೆಸಿದ್ದು."

"ಹಾಗಾದ್ರೆ ಮಗನಿಗೆ ಹೇಳು."

ನಿಮ್ಮಪ್ಪ ಆಗ ನಗೋಯಾದಲ್ಲಿದ್ದ. ನಾನು ಹೇಳಲಿಲ್ಲ. ಸಂಜೆ ಅವನೇ ಫೋನ್ ಮಾಡಿ, "ಅಮ್ಮಾ, ಶನಿವಾರ ಬಂದು ಅಪ್ಪನ್ನ ಅವರ ಕಾರಲ್ಲಿ ಒಂದು ರೌಂಡ್ ಕರ್ಕೊಂಡು ಹೋಗ್ಲಾ?" ಎಂದು ಕೇಳಿದ.

"ಡಾಕ್ಟ್ರು ಕೂಡದು ಅಂದಿದಾರಪ್ಪ."

"ಹಾಗಾದ್ರೆ ಮುಂದಿನ ತಿಂಗಳು ಬರ್ತೀನಿ."

ಡಾಕ್ಟರು ಹಾಗೆ ಹೇಳಿರಲಿಲ್ಲ. ಆಸೆ ಏನಿದ್ದರೂ ತೀರಿಸಿ ಎಂದಿದ್ದರು. ನಾನು ಬೇಕೆಂದೇ ಸುಳ್ಳು ಹೇಳಿದೆ. ತಾತನಿಗೆ, "ಅವನಿಗೆ ಪುರುಸೊತ್ತಿಲ್ವಂತೆ" ಎಂದೆ. ಶನಿವಾರವಿಡೀ ಅವರು ಕಿಟಕಿ ಕಡೆಗೇ ಮುಖ ಮಾಡಿ ಮಲಗಿದ್ದರು. ಬಿಸಿಲು ಎಂದು ನಾನು ಪರದೆ ಎಳೆದೆ. ಮುಂದಿನ ವಾರ ತೀರಿಕೊಂಡರು.

ಈಗಲೂ ನಿಮ್ಮಪ್ಪ ಆ ಕಾರು ಒರೆಸುತ್ತಾ, "ಆ ಡಾಕ್ಟ್ರು ಒಂದ್ಸಲ ಬಿಟ್ಟಿದ್ರೆ ಏನಾಗ್ತಿತ್ತು" ಎನ್ನುತ್ತಾನೆ. ನಾನು ಟೀ ಕೊಟ್ಟು ಒಳಗೆ ಬರುತ್ತೇನೆ. ಅವನಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ತಾತ ಅದಕ್ಕೂ ನಗುತ್ತಾರೆಂದು ಆಗ ಕಲಿಸಲು ನನಗೆ ಧೈರ್ಯವಿರಲಿಲ್ಲ. ನಿಮಗೆ ಕಲಿಸಿದ್ದೇನೆ. ಈ ಹಾಳೆಗಳನ್ನು ಜೋಪಾನವಾಗಿಡಿ. ನಾನಿರುವ ತನಕ ಅವನಿಗೆ ಓದಿ ಹೇಳಬೇಡಿ.