ಬೆಲ್ಲದ ಸಂಗತಿ

ಮಗಳಿಗೆ ನಾಲ್ಕು ತುಂಬುವ ಹೊತ್ತಿಗೆ ಅವಳ ದವಡೆ ಹಲ್ಲಿನ ಮೇಲೆ ಕಪ್ಪು ಚುಕ್ಕೆಯೊಂದು ಕಾಣಿಸಿಕೊಂಡಿತು. ದಿನವೂ ಮಲಗಿಸುವಾಗ ನನ್ನ ಅತ್ತೆ ಒಂದು ಚೂರು ಬೆಲ್ಲ ಅವಳ ಬಾಯಿಗಿಡುತ್ತಿದ್ದರು; ಅದು ಕರಗುವಷ್ಟರಲ್ಲಿ ಮಗುವಿಗೆ ನಿದ್ದೆ. "ಹಾಲಲ್ಲು ತಾನೆ? ಉದುರೋಯ್ತದೆ, ಬುಡು," ಎಂದರು ಅತ್ತೆ. ಆದರೆ ಒಂದು ಬೆಳಿಗ್ಗೆ ಮಗು ದೋಸೆ ಕಚ್ಚಿ ಅಳತೊಡಗಿದಾಗ, ಕಾಮಯಗೌಂಡನ್‌ಪಟ್ಟಿಯಿಂದ ತೇನಿಯ ಹಲ್ಲಿನ ಡಾಕ್ಟರ ಬಳಿಗೆ ಹೊರಟೆ. ಅತ್ತೆಯೂ ಬಂದರು. ಮೊಮ್ಮಗಳನ್ನು ನನ್ನೊಬ್ಬಳ ಕೈಗೆ ಬಿಡುವಷ್ಟು ಧೈರ್ಯ ಅವರಿಗಿರಲಿಲ್ಲ.

ಬಸ್ಸಿನಲ್ಲಿ ಮೊಮ್ಮಗಳಿಗೆ ಧೈರ್ಯ ತುಂಬಿದರು: "ಎದರಬ್ಯಾಡ, ನನ್ ಕಣ್ಣು. ಇಕ್ಕಳ ಆಕಿದ್ರೂ ಒಂದು ಚಣ ಅಷ್ಟೆ."

ಇಕ್ಕಳ ಎಂಬುದೊಂದು ಇದೆಯೆಂದು ಮಗುವಿಗೆ ತಿಳಿದದ್ದೇ ಆಗ. ಚಿನ್ನಮನೂರು ದಾಟುವಷ್ಟರಲ್ಲಿ ಅವಳ ತುಟಿಗಳು ಬಿಗಿದುಕೊಂಡಿದ್ದವು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. "ಕಣ್ಣು, ಆ ಕಾಟ್ಟು," ಎಂದು ತಮಿಳಿನಲ್ಲಿ ಮುದ್ದು ಮಾಡಿ, ತಾವೇ ಬಾಯಿ ತೆರೆದು ತೋರಿಸಿದರು. ಕುರ್ಚಿಯನ್ನು ಮೇಲೆ ಕೆಳಗೆ ಆಡಿಸಿದರು. ನನ್ನ ಮಡಿಲಲ್ಲಿ ಕುಳಿತಿದ್ದ ಮಗಳು ಸವಾರಿಯನ್ನು ಚೆನ್ನಾಗಿಯೇ ಅನುಭವಿಸಿದಳು. ಬಾಯಿ ಮಾತ್ರ ತೆರೆಯಲಿಲ್ಲ.

"ಮಲಗುವಾಗ ಸಿಹಿ ಏನಾದರೂ ಕೊಡುತ್ತೀರಾ?" ಡಾಕ್ಟರಮ್ಮ ತಮಿಳಿನಲ್ಲೇ ಕೇಳಿದರು.

ಅತ್ತೆ ನನ್ನ ಕಡೆ ಬಾಗಿ ನಮ್ಮ ಮನೆಯ ಕನ್ನಡದಲ್ಲಿ ಹೇಳಿದರು. ನಾಲ್ಕು ಜನರ ನಡುವೆ ಗುಟ್ಟಾಡಲು ಈ ತಮಿಳು ಸೀಮೆಯಲ್ಲಿ ನಮಗಿರುವ ಅನುಕೂಲ ಅದೇ. "ಬೆಲ್ಲದ ಸಂಗತಿ ಬಾಯಿ ಬುಡಬ್ಯಾಡ. ಈ ಉಡ್ಗಿಗೇನು ತಿಳೀತದೆ? ಇನ್ನೂ ಇಸ್ಕೂಲಿಗೆ ಓಗೋ ಅಂಗವ್ಳೆ."

ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, ಬಲು ಗಂಭೀರವಾಗಿ, ತಮಿಳಿನಲ್ಲಿ "ಏನೂ ಕೊಡೋದಿಲ್ಲಮ್ಮಾ" ಎಂದರು.

ಡಾಕ್ಟರಮ್ಮ ಕೈಗವಸು ಎಳೆದುಕೊಳ್ಳುತ್ತಾ, ಒಂದೊಂದೇ ಪದ ಹುಡುಕಿ, ನಮ್ಮದೇ ಕನ್ನಡದಲ್ಲಿ ಕೇಳಿದರು: "ಬೆಲ್ಲ... ದಿನಾ ಕೊಡ್ತೀರಾ ಅವ್ವಾ, ಇಲ್ಲ... ಎಂದಾದ್ರೂ ಒಂದ್ಸಲವಾ?"

ಅತ್ತೆಯ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಆ ಮುಖ ನೋಡಿ ಮಗಳಿಗೆ ತಡೆಯಲಾಗದ ನಗು, ಕೊನೆಯ ದವಡೆ ಹಲ್ಲಿನವರೆಗೂ ಕಾಣುವ ನಗು. ಡಾಕ್ಟರಮ್ಮ ಅಷ್ಟರಲ್ಲೇ ದೀಪ ತಿರುಗಿಸಿ ಒಳಗೆಲ್ಲ ನೋಡಿ ಮುಗಿಸಿದರು.

ಅವರದು ಪೆರಿಯಕುಳಂ ಕಡೆಯ ಊರು. ತಮ್ಮ ಅಜ್ಜಿ ಆಡುವ ಕನ್ನಡ ಕೇಳಿ ಗೊತ್ತು, ಆಡಿ ರೂಢಿಯಿಲ್ಲವಂತೆ. ಹಲ್ಲಿನ ತೂತು ತುಂಬಿದರೆ ಉಳಿಯುತ್ತದೆ ಎಂದರು. ಹಾಲುಹಲ್ಲು ಅವಧಿಗೆ ಮುಂಚೆ ಹೋದರೆ ಹೊಸದು ದಾರಿ ತಪ್ಪಿ ಬರುತ್ತದೆ. ಮೊದಲ ಹುಟ್ಟುಹಬ್ಬದ ಹೊತ್ತಿಗೇ ಒಮ್ಮೆ ತೋರಿಸಬೇಕಿತ್ತು. ಇನ್ನು ಮೇಲೆ ಬಟಾಣಿಯಷ್ಟು ಪೇಸ್ಟು, ರಾತ್ರಿ ಉಜ್ಜಿದ ಮೇಲೆ ನೀರು ಬಿಟ್ಟರೆ ಬೇರೇನೂ ಇಲ್ಲ. ಅತ್ತೆ ಎಲ್ಲದಕ್ಕೂ ತಲೆಯಾಡಿಸುತ್ತಲೇ ಆ ಅಜ್ಜಿಯ ತವರನ್ನು ವಿಚಾರಿಸಿ, ದೂರದ ಸಂಬಂಧವೊಂದನ್ನು ಪತ್ತೆ ಮಾಡಿದರು.

"ನಮ್ಮೋಳು ಅಂತ ಮೊದ್ಲೇ ಏಳಬಾರ್ದಾ?" ಎಂದು ಡಾಕ್ಟರಮ್ಮನನ್ನೇ ಗದರಿದರು. "ನಾನ್ಯಾಕೆ ಸುಳ್ಳು ಏಳ್ತಿದ್ದೆ?"

ಹಲ್ಲು ತುಂಬುವಾಗ ಮಗಳು ಸ್ವಲ್ಪ ಅತ್ತಳು, ನನ್ನ ಬೆರಳುಗಳನ್ನು ಹಿಂಡಿ ಹಾಕಿದಳು. ಹಿಂದಿರುಗುವ ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ಬಂದದ್ದೇ ತಡ, ಅವನ ಮುಂದೆ ಅಗಲವಾಗಿ ಬಾಯಿ ತೆರೆದಳು. ಅವನು ಬಗ್ಗಿ ಸಾವಕಾಶವಾಗಿ ಒಳಗೆಲ್ಲ ನೋಡಿ, "ಚೆನ್ನಾಗಿದೆ. ಎಲ್ಲಿ ಇಳೀಬೇಕು?" ಎಂದು ತಮಿಳಿನಲ್ಲಿ ಕೇಳಿದ.